ಇಡ್ಕಳಾಕೆ ಏನಾರ ಮಾಡ್ಸಪ್ಪ

ನಮ್ಮವ್ವ ಈ ಮಾತು ಹೇಳಿದ್ದು ಎರಡು ಸಲ. ಮೊದಲ ಸಲ ಯುಗಾದಿಗೆ. ಎಣ್ಣೆನೀರು ಮುಗಿಸಿಕೊಂಡು, ಬಚ್ಚಲ ಗೋಡೆಗೆ ಅಂಗೈ ಒತ್ತಿ, ಒಂದೊಂದೇ ಹೆಜ್ಜೆ ಸರಿಸುತ್ತ ಹೊರಗೆ ಬಂದವಳು ಬಾಗಿಲ ಚೌಕಟ್ಟು ಕೈಗೆ ಸಿಕ್ಕ ಮೇಲೆ ಉಸಿರುಬಿಟ್ಟು, "ಈ ಬಚ್ಲಾಗೆ ಇಡ್ಕಳಾಕೆ ಏನಾರ ಮಾಡ್ಸಪ್ಪ" ಅಂದಳು. "ಆಯ್ತು ಕಣವ್ವ, ಮಾಡ್ಸನ" ಅಂದೆ. ಎರಡನೇ ಸಲ ಗೌರಿಹಬ್ಬಕ್ಕೆ. ಆಗಲೂ ಆಯ್ತು ಅಂದೆ. ದೀಪಾವಳಿಗೆ ಇನ್ನೂ ನಾಲ್ಕು ದಿನ ಇದ್ದಾಗ ಪಕ್ಕದ ಮನೆಯವರ ಫೋನ್ ಬಂತು. ಬಿದ್ದು ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ. ಹಂಡೆಯ ಕೆಳಗಿನ ಬೆಂಕಿ ಆರಿಹೋಗಿತ್ತಂತೆ.

ತೊಡೆಸಂದಿನ ಮೂಳೆ. ಆಪರೇಷನ್ ಆಯಿತು, ರಾಡು ಹಾಕಿದರು, ಒಂದು ವರ್ಷದ ಕೊಬ್ಬರಿ ಅದಕ್ಕೇ ಹೋಯಿತು. ದುಡ್ಡಿನ ಮಾತು ಬಿಡಿ, ಅದು ಮತ್ತೆ ಬರುತ್ತದೆ. ಆ ಮೇಲೆ ಅವ್ವ ಎಂಟು ತಿಂಗಳು ಬದುಕಿದ್ದಳು. ಆ ಎಂಟು ತಿಂಗಳಲ್ಲಿ ಒಂದು ದಿನವೂ ಬಾಗಿಲಿಗೆ ಬಂದು ಕೂರಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದ ಹೆಂಗಸು, ಮಂಚದ ಮೇಲೆ ಮಲಗಿ ಸೂರು ನೋಡುತ್ತ ದಿನ ಎಣಿಸಿದಳು. ಆ ಬಚ್ಚಲಿಗೆ ಬೇಕಾಗಿದ್ದದ್ದು ಮೂರಡಿ ಪೈಪು, ನಾಲ್ಕು ಬೋಲ್ಟು.

ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು. "ವಯಸ್ಸಾಗಿತ್ತಲ್ಲ ಬುಡಪ್ಪ." ಸಮಾಧಾನಕ್ಕೆಂದೇ ಹೇಳಿದ್ದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತಿನ ಮೇಲೆ ಮಾತ್ರ ಸಿಟ್ಟಿದೆ. ಅದೇ ಬಚ್ಚಲಲ್ಲಿ, ಅದೇ ನುಣುಪು ಟೈಲ್ಸಿನ ಮೇಲೆ, ಅದೇ ಎಣ್ಣೆ ಪಸೆಯಲ್ಲಿ ನಾನು ಜಾರಿದ್ದರೆ ಟೈಲ್ಸನ್ನು ಬಯ್ಯುತ್ತಿದ್ದೆ, ಹಾಕಿದ ಮೇಸ್ತ್ರಿಯನ್ನು ಬಯ್ಯುತ್ತಿದ್ದೆ. ಮುದುಕರು ಜಾರಿದರೆ ಮಾತ್ರ ತಪ್ಪೆಲ್ಲ ವಯಸ್ಸಿನದ್ದು. ವಯಸ್ಸು ಹಿಂದಿನ ದಿನವೂ ಇತ್ತಲ್ಲ? ಹಿಂದಿನ ವರ್ಷವೂ ಇತ್ತು. ಕಣ್ಣಿಗೆ ಪೊರೆ ಬರುತ್ತದೆ, ಮಂಡಿ ಸವೆಯುತ್ತದೆ, ಬಿಪಿ ಮಾತ್ರೆ ನುಂಗಿದವರಿಗೆ ದಿಢೀರನೆ ಎದ್ದರೆ ತಲೆ ಸುತ್ತುತ್ತದೆ, ನಿಜ. ಆದರೆ ಕೈಚಾಚಿದ ಕಡೆ ಏನಾದರೂ ಸಿಕ್ಕಿದ್ದರೆ ಅಷ್ಟೂ ಇದ್ದುಕೊಂಡೇ ಅವ್ವ ನಿಂತಿರುತ್ತಿದ್ದಳು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದಕ್ಕೇ. ಅದರಲ್ಲಿ ಹೆಚ್ಚಿನ ಪಾಲು ಅರವತ್ತು ದಾಟಿದವರದು. ರಸ್ತೆಯಲ್ಲಿ ಸತ್ತರೆ ಉಬ್ಬು ಹಾಕಿಸಿ ಎಂದು ಧರಣಿ ಕೂರುತ್ತೇವೆ. ಬಚ್ಚಲಲ್ಲಿ ಸತ್ತರೆ ಹಣೆಬರಹ.

ಅವ್ವ ಹೋದ ಮೇಲೆ ಒಂದು ದಿನ ನಾನು ಅವಳ ನಡಿಗೆಯಲ್ಲಿ ಊರು ಸುತ್ತಿದೆ. ಹುಚ್ಚು ಅನ್ನಿ. ಹಾಲ್ಕುರಿಕೆ ಕಡೆಯ ಊರು ನಮ್ಮದು, ತಿಪಟೂರಿಗೆ ಹೋಗುವ ಬಸ್ಸು ಹಿಡಿಯಲು ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಅವ್ವನಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ನಿಧಾನ ನಡೆದಾಗಲೇ ಊರು ಕಾಣುವುದು. ನಮ್ಮ ಹೊಸ್ತಿಲು ದಾಟಿ ಎರಡು ಮೆಟ್ಟಿಲು. ಟೇಪು ಹಿಡಿದು ನೋಡಿದೆ, ಒಂದು ಏಳಂಗುಲ, ಇನ್ನೊಂದು ಹತ್ತು. ಒಂದೇ ಮನೆಯ ಎರಡು ಮೆಟ್ಟಿಲು ಒಂದೇ ಅಳತೆ ಇಲ್ಲ. ಕಾಲಿಗೆ ಕಣ್ಣಿಲ್ಲ, ಅದು ಮೊದಲ ಮೆಟ್ಟಿಲ ಅಳತೆಯನ್ನೇ ಎರಡನೆಯದಕ್ಕೂ ನಂಬುತ್ತದೆ. ಮುದುಕರು ಎಡವುವುದು ಆ ಮೂರಂಗುಲದ ಮೋಸಕ್ಕೆ. ಮೆಟ್ಟಿಲು ಇಳಿದರೆ ಚರಂಡಿ, ಅದರ ಮೇಲೆ ಅಲುಗಾಡುವ ಒಂದು ಚಪ್ಪಡಿ. ನಾಲ್ಕು ಮನೆ ಆಚೆ ಚಪ್ಪಡಿಯೂ ಇಲ್ಲ, ತೆಂಗಿನ ಮರದ ಒಂದು ತುಂಡು ಉರುಳಿಸಿದ್ದಾರೆ. ಆಮೇಲೆ ಕಾಂಕ್ರೀಟು ರಸ್ತೆ. ಪ್ರತಿ ಸಲ ಹೊಸ ರಸ್ತೆ ಹಾಕುವಾಗಲೂ ಹಳೆಯದನ್ನು ಕೀಳದೆ ಮೇಲೆಯೇ ಹಾಕಿ, ರಸ್ತೆ ಎತ್ತರಕ್ಕೆ ಹೋಗಿದೆ, ಮನೆಗಳು ಹಳ್ಳಕ್ಕೆ ಇಳಿದಿವೆ. ಆ ರಸ್ತೆಯನ್ನೂ ನಲ್ಲಿ ಪೈಪಿಗೆಂದು ಉದ್ದಕ್ಕೆ ಸೀಳಿದ್ದಾರೆ, ಸೀಳಿದ್ದಕ್ಕೆ ಮಣ್ಣು ತುಂಬಿದ್ದಾರೆ, ಮಣ್ಣು ಮಳೆಗೆ ಕುಸಿದಿದೆ. ಮನೆ ಬಾಗಿಲಿಗೆ ನೀರು ಬಂದದ್ದು ದೊಡ್ಡ ಉಪಕಾರ, ಬಿಂದಿಗೆ ಹೊತ್ತ ಬೆನ್ನುಗಳಿಗೆ ಅದು ಗೊತ್ತು. ಆದರೆ ಒಂದು ಬಾಂಡಲಿ ಸಿಮೆಂಟು ಸುರಿದು ಆ ಸೀಳು ಮುಚ್ಚಲು ಯಾರಿಗೆ ಏನು ಬಂದಿತ್ತು?

ಬಸ್ ನಿಲ್ದಾಣದಲ್ಲಿ ಕೂರುವ ಕಟ್ಟೆ ಇದೆ. ಕಟ್ಟೆಯ ಮೇಲೆ ಹುಡುಗರು, ಕಟ್ಟೆಯ ಮುಂದೆ ಅವರ ಬೈಕು. ಬಸ್ಸು ನಿಲ್ದಾಣದ ಮುಂದೆ ನಿಲ್ಲುವುದಿಲ್ಲ, ಹತ್ತು ಮಾರು ಮುಂದೆ ಹೋಗಿ ನಿಲ್ಲುತ್ತದೆ. 2023ರ ಜೂನಿನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ದಸರಿಘಟ್ಟಕ್ಕೆ, ಯಡಿಯೂರಿಗೆ ನಮ್ಮ ಅಜ್ಜಿಯರು ಗುಂಪು ಕಟ್ಟಿಕೊಂಡು ಹೋಗಿ ಬಂದರು, ಬದುಕಿನಲ್ಲಿ ಮೊದಲ ಸಲ ಯಾರ ಕೈಯೂ ಕಾಯದೆ. ಅಷ್ಟು ಸಂತೋಷ ಕೊಟ್ಟ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅವರ ಮಂಡಿಯ ಎತ್ತರಕ್ಕೇ ಇದೆ. ನಿಲ್ದಾಣದ ಮುಂದೆ ಒಂದು ಮೊಳ ಎತ್ತರದ ಕಲ್ಲುಕಟ್ಟೆ ಹಾಕಿಸಿ, ಬಸ್ಸನ್ನು ಅದಕ್ಕೆ ತಾಗಿಸಿ ನಿಲ್ಲಿಸಿ ಎಂದು ಡ್ರೈವರಿಗೆ ಹೇಳಿದರೆ ಸಾಕು. ಇಷ್ಟು ಕೇಳುವುದಕ್ಕೆ ಎಂಎಲ್ಎ ಬೇಕಿಲ್ಲ.

ಇನ್ನು ಕಕ್ಕಸು ಮನೆ. ಇದರ ಬಗ್ಗೆ ಬರೆಯಲು ಪತ್ರಿಕೆಯವರಿಗೆ ಮುಜುಗರ, ಮಾತಾಡಲು ನಮಗೆ ಮುಜುಗರ, ಅದಕ್ಕೇ ಅಲ್ಲಿ ಜನ ಬೀಳುತ್ತಿದ್ದಾರೆ. ಸ್ವಚ್ಛ ಭಾರತ್ ಯೋಜನೆಯಲ್ಲಿ 12,000 ರೂಪಾಯಿ ಕೊಟ್ಟು ಮನೆಮನೆಗೂ ಕಟ್ಟಿಸಿದರು. ಕತ್ತಲಾಗುವುದನ್ನು ಕಾದು ಬಯಲಿಗೆ ಹೋಗುತ್ತಿದ್ದ ನಮ್ಮ ತಾಯಂದಿರಿಗೆ ಅದು ಮಾನದ ಪ್ರಶ್ನೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕಟ್ಟಿದ್ದು ಹೇಗೆ? ಗುಂಡಿಗೆ ನೀರು ಇಳಿಯಬೇಕೆಂದು ಬೇಸಿನ್ ಎತ್ತರಿಸಿದರು, ಹಾಗಾಗಿ ಬಾಗಿಲಲ್ಲಿ ಎರಡು ಎತ್ತರದ ಮೆಟ್ಟಿಲು, ನಿಂತು ಬಾಗಿಲು ಎಳೆಯಲು ಜಾಗ ಇಲ್ಲ. ಮನೆಯಿಂದ ದೂರ, ಹಿತ್ತಲ ಮೂಲೆಗೆ, ನಡುವೆ ಮಟ್ಟೆ ರಾಶಿ. ದೀಪ ಇದ್ದರೆ ಪುಣ್ಯ. ಒಳಗೆ ಕುಕ್ಕರಗಾಲಲ್ಲಿ ಕೂರಬೇಕು, ಎದ್ದೇಳಲು ಹಿಡಿಯುವುದಕ್ಕೆ ಇರುವುದು ಒಂದು ನಲ್ಲಿ. ಪ್ಲಾಸ್ಟಿಕ್ ನಲ್ಲಿ! ಎಷ್ಟು ಮನೆಗಳಲ್ಲಿ ಆ ನಲ್ಲಿ ಮುರಿದಿದೆ ಎಂದು ನೋಡಿ, ಆ ಮನೆಯಲ್ಲಿ ಮುದುಕರಿದ್ದಾರೆ ಎಂದು ತಿಳಿಯಿರಿ.

ಎಲ್ಲಕ್ಕಿಂತ ಕೆಟ್ಟದ್ದು ಆ ಬಾಗಿಲು. ನಮ್ಮ ಕಡೆಯ ಬಹುಪಾಲು ಕಕ್ಕಸು ಮನೆ, ಬಚ್ಚಲು ಮನೆಗಳ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬೀಳುತ್ತಾರೆ. ಹೊರಗಿನವರು ದೂಡಿದರೆ ಬಾಗಿಲು ಬಿದ್ದವರ ತಲೆಗೇ ಹೊಡೆಯುತ್ತದೆ. ನಮ್ಮವ್ವನನ್ನು ಹೊರಗೆ ತಂದದ್ದು ಬಾಗಿಲ ಕೀಲು ಕಿತ್ತು. ಬಾಗಿಲನ್ನು ತಿರುಗಿಸಿ ಹೊರಕ್ಕೆ ತೆರೆಯುವಂತೆ ಮಾಡಲು, ಹೊರಗಿನಿಂದಲೂ ಬಿಚ್ಚಬಹುದಾದ ಒಂದು ಚಿಲಕ ಹಾಕಲು ಬಡಗಿಗೆ ಅರ್ಧ ದಿನದ ಕೆಲಸ. ಈ ಬರಹದಲ್ಲಿ ಬೇರೆ ಏನನ್ನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ಹಳೆಯ ಕಾಲದ ಮನೆಗಳು ಚೆನ್ನಾಗಿದ್ದವು ಎಂದು ಹಾಡಿ ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಮೊಳದೆತ್ತರದ ಹೊಸ್ತಿಲು, ಹಣೆಗೆ ಬಡಿಯುವ ಬಾಗಿಲು, ಹಗಲಲ್ಲೂ ಕತ್ತಲೆಯ ನಡುಮನೆ. ಅಟ್ಟದ ಏಣಿಯಂತೂ ನಮ್ಮ ಸೀಮೆಯ ಗಂಡಸರ ಯಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಆಗುವುದೇ ಅಟ್ಟದ ಮೇಲೆ. ಬಲಿತ ಕಾಯಿ ಹತ್ತಿರ ಹತ್ತಿರ ವರ್ಷ ಅಲ್ಲಿ ಕೂತು, ನೀರು ಇಂಗಿ, ಒಳಗೆ ಗಿಟುಕು ಕಳಚಿ ಲೊಟಲೊಟ ಅನ್ನಬೇಕು. ಆ ಸದ್ದು ಕೇಳಿ ಹದ ಹೇಳುವ ಕಿವಿ ಇರುವುದು ಅಜ್ಜನಿಗೇ. ಮೊಮ್ಮಗ ಮೊಬೈಲು ನೋಡುತ್ತ ಕೆಳಗೆ ಕೂತಿರುತ್ತಾನೆ, ಎಪ್ಪತ್ತೈದರ ಅಜ್ಜ ಬಿದಿರು ಏಣಿ ಹತ್ತುತ್ತಾನೆ. ಏಣಿಯ ಬುಡ ಸಗಣಿ ಸಾರಿಸಿದ ನೆಲದ ಮೇಲೆ. ಆದರೂ ಆ ಮನೆಗಳಲ್ಲಿ ಒಂದು ವಿವೇಕ ಇತ್ತು. ಜಗಲಿಯ ತುದಿಗೆ ಕಂಬ ಇತ್ತು, ಇಳಿಯುವ ಕೈ ತಾನಾಗಿ ಅದರ ಮೇಲೆ ಬೀಳುತ್ತಿತ್ತು. ನಮ್ಮ ತಾತನ ಮಂಚದ ಮೇಲೆ ತೊಲೆಗೆ ಒಂದು ನಾರಿನ ಹಗ್ಗ ಕಟ್ಟಿದ್ದರು, ಗಂಟು ಹಾಕಿ ಹಾಕಿ ಬಿಟ್ಟದ್ದು. ಅದನ್ನು ಹಿಡಿದು ತಾತ ಎದ್ದು ಕೂರುತ್ತಿದ್ದ. ತಾತ ಹೋದ ಮೇಲೆ ಹೊಸ ಮನೆ ಕಟ್ಟಿಸಿದೆವು. ತೊಲೆ ಹೋಯಿತು, ಹಗ್ಗ ಹೋಯಿತು, ಜಗಲಿಯ ಜಾಗಕ್ಕೆ ಕಾರು ನಿಲ್ಲುವ ಜಾರುದಾರಿ ಬಂತು. ಗಮನಿಸಿ, ಕಾರಿಗೆ ಜಾರುದಾರಿ ಮಾಡಿಸಿದೆವು.

2023ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದಾಗ ತಿಪಟೂರಿನಲ್ಲಿ ನಾವೇನು ಮಾಡಿದೆವು ನೆನಪಿದೆಯೇ? ಧರಣಿ ಕೂತೆವು, ಪಾದಯಾತ್ರೆ ಮಾಡಿದೆವು, ಪಕ್ಷ ಮರೆತು ಒಂದಾದೆವು. ಮಾಡಬೇಕಾದ್ದೇ, ಮತ್ತೆ ಬಿದ್ದರೆ ಮತ್ತೆ ಮಾಡೋಣ. ಆದರೆ ಆ ತೋಟ ಕಟ್ಟಿದವರು ಯಾರು? ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಬರಗಾಲದಲ್ಲಿ ಒಣಗಿದ ಸುಳಿ ನೋಡಿ ಅತ್ತವರು ಯಾರು? ಕೊಬ್ಬರಿ ಬೆಲೆ ಬಿದ್ದರೆ ಬೀದಿಗೆ ಬರುವ ನಾವು, ಕೊಬ್ಬರಿ ಬೆಳೆಸಿದವರು ಬಿದ್ದರೆ ಪುತ್ತೂರು ಕಟ್ಟು ಕಟ್ಟಿಸಿ ಮೂಲೆಗೆ ಮಲಗಿಸುತ್ತೇವೆ.

ದೂರದ ಒಂದು ಸಂಗತಿ ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ತಾರನಾಕಿ ಎಂಬ ಸೀಮೆ ಇದೆ, ಹಸು ಕಟ್ಟಿ ಹಾಲು ಕರೆದು ಬದುಕುವ ನಾಡು. ಅಲ್ಲಿ 842 ಮನೆಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಮನೆಗಳಿಗೆ ಮೇಸ್ತ್ರಿಗಳನ್ನು ಕಳಿಸಿದರು. ಅವರು ಮಾಡಿದ್ದು ಏನೂ ದೊಡ್ಡ ಕೆಲಸವಲ್ಲ: ಮೆಟ್ಟಿಲಿಗೆ ಕೈಪಿಡಿ, ಬಚ್ಚಲಿಗೆ ಹಿಡಿಕೆ, ಹೊರಗೆ ಒಂದು ದೀಪ, ಹೊರಮೆಟ್ಟಿಲ ಅಂಚಿಗೆ ಕಣ್ಣಿಗೆ ಹೊಡೆಯುವ ಪಟ್ಟಿ, ಜಾರುವ ಕಡೆ ಜಾರದ ಹಾಸು. ಇನ್ನೊಂದು ಪಾಲಿನವರಿಗೆ ಅದನ್ನೇ ಮೂರು ವರ್ಷ ತಡವಾಗಿ ಮಾಡಿಕೊಟ್ಟರು. ಆಮೇಲೆ ಲೆಕ್ಕ ನೋಡಿದರೆ, ಕೆಲಸ ಮುಗಿದ ಮನೆಗಳಲ್ಲಿ ಬಿದ್ದು ಗಾಯ ಮಾಡಿಕೊಂಡು ಚಿಕಿತ್ಸೆ ಪಡೆದದ್ದು ಶೇ 26ರಷ್ಟು ಕಡಿಮೆ. 2015ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಬಂತು. 2023ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದಾಗಲೂ ಮನೆಯ ಅಪಾಯ ತೆಗೆದರೆ ಬೀಳುವುದು ಶೇ 26ರಷ್ಟು ತಗ್ಗುತ್ತದೆ, ಈಗಾಗಲೇ ಒಮ್ಮೆ ಬಿದ್ದವರಂಥ ಹೆಚ್ಚು ಅಪಾಯದಲ್ಲಿ ಇರುವವರಲ್ಲಿ ಶೇ 38ರಷ್ಟು ತಗ್ಗುತ್ತದೆ ಎಂದೇ ಬಂತು. ಔಷಧಿ ಇಲ್ಲ, ಮಿಷನ್ನು ಇಲ್ಲ. ಪೈಪು, ದೀಪ, ಬಣ್ಣ.

ಈಗ ನಮ್ಮ ಹಿತ್ತಲು ನೋಡಿ. ಮೆಟ್ಟಿಲ ಅಂಚಿಗೆ ಪಟ್ಟಿ ಬೇಕೇ? ದೇವಸ್ಥಾನದ ಗೋಡೆಗೆ ಕೆಮ್ಮಣ್ಣು ಸುಣ್ಣ ಬಳಿಯುವ ಕೈಗಳು ನಮ್ಮಲ್ಲೇ ಇವೆ. ಅದೇ ಸುಣ್ಣವನ್ನು ಎರಡು ಬೆರಳಗಲ ಮೆಟ್ಟಿಲ ತುದಿಗೆ ಎಳೆದರೆ ಪೊರೆ ಬಂದ ಕಣ್ಣಿಗೂ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಣುತ್ತದೆ. ಸುಣ್ಣ ಮಳೆಗೆ ಹೋದರೆ ಹಬ್ಬಕ್ಕೆ ಮತ್ತೆ ಎಳೆಯಿರಿ, ಹಬ್ಬಗಳಿಗೇನು ಕಮ್ಮಿ? ಜಾರದ ನೆಲ ಬೇಕೇ? ಗಾರೆ ಹಸಿ ಇರುವಾಗಲೇ ತೆಂಗಿನ ಕಡ್ಡಿಪೊರಕೆಯನ್ನು ಒಂದು ಸಲ ಅಡ್ಡಕ್ಕೆ ಎಳೆದರೆ ಗೀರು ಬೀಳುತ್ತದೆ, ಕಾಲು ಕಚ್ಚಿಕೊಳ್ಳುತ್ತದೆ. ಮೇಸ್ತ್ರಿಗಳಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. "ನುಣ್ಣಗೆ ಮಾಡಪ್ಪ, ಕನ್ನಡಿ ತರ ಇರಬೇಕು" ಎಂದು ಕೇಳಿದವರು ನಾವು. ಚಳಿಗಾಲದಲ್ಲಿ ತಣ್ಣನೆಯ ಪೈಪು ಹಿಡಿಯಲು ಆಗುವುದಿಲ್ಲ ಎಂದು ಅಜ್ಜಿ ಅಂದರೆ, ನಡುಮನೆಯ ಪೈಪಿಗೆ ಒತ್ತಾಗಿ ನಾರಿನ ಹಗ್ಗ ಸುತ್ತಿ. ನಾರಿಗೆ ನಾವು ಬರಗೆಟ್ಟಿದ್ದೇವೆಯೇ? ಬಚ್ಚಲಿಗೆ ಮಾತ್ರ ಹಗ್ಗ ಸುತ್ತಬೇಡಿ, ನೀರಿಗೆ ಕೊಳೆಯುತ್ತದೆ.

ಹಿಡಿಕೆಯ ವಿಷಯದಲ್ಲಿ ಒಂದು ಮಾತು. ಪೈಪು ಒಂದೂವರೆ ಅಂಗುಲ ದಪ್ಪ ಇರಲಿ, ಮುಷ್ಟಿಗೆ ತುಂಬಬೇಕು. ಗೋಡೆಗೂ ಪೈಪಿಗೂ ನಡುವೆ ಬೆರಳು ಆಡುವಷ್ಟು ಸಂದು ಇರಲಿ. ಟವೆಲ್ ನೇತುಹಾಕುವ ಸ್ಟೀಲು ಕಡ್ಡಿಯನ್ನು ಹಿಡಿಕೆ ಎಂದು ನಂಬಬೇಡಿ, ಭಾರ ಬಿದ್ದರೆ ಅದು ಗೋಡೆ ಸಮೇತ ಬರುತ್ತದೆ. ಎತ್ತರ ಎಷ್ಟು ಎಂದು ಪುಸ್ತಕ ನೋಡುವುದಕ್ಕಿಂತ ಮೊದಲು ಅಜ್ಜಿಯನ್ನೇ ಅಲ್ಲಿ ನಿಲ್ಲಿಸಿ, ಕೂರಿಸಿ, ಏಳಿಸಿ. ಅವಳ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಹೆಚ್ಚಿನ ಮನೆಗಳಲ್ಲಿ ಗುರುತು ಮಾಡುವ ಅಗತ್ಯವೂ ಬೀಳುವುದಿಲ್ಲ. ವರ್ಷಗಟ್ಟಲೆ ಅಂಗೈ ಊರಿ ಊರಿ ಗೋಡೆಯ ಮೇಲೆ ಎಣ್ಣೆಗಪ್ಪು ಕಲೆ ಕೂತಿರುತ್ತದೆ. ನಾವು ಪ್ರತಿ ವರ್ಷ ಅದರ ಮೇಲೆ ಬಣ್ಣ ಹೊಡೆಸುತ್ತೇವೆ.

ಒಬ್ಬೊಬ್ಬರೇ ಮಾಡಿಕೊಳ್ಳಲಿ ಬಿಡಿ, ಇದಕ್ಕೆ ಊರು ಯಾಕೆ ಸೇರಬೇಕು ಎನ್ನುವವರಿದ್ದಾರೆ. ಮಾಡಿಕೊಳ್ಳುವ ಶಕ್ತಿ ಇದ್ದ ನಾನೇ ಮಾಡಲಿಲ್ಲವಲ್ಲ? ಇನ್ನು ಮಕ್ಕಳಿಲ್ಲದ, ಇದ್ದೂ ಇಲ್ಲದ, 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳು ದೂಡುವ ವಿಧವೆ ಯಾರನ್ನು ಕರೆದು ಗೋಡೆ ಕೊರೆಸಬೇಕು? ಚರಂಡಿಯ ಚಪ್ಪಡಿ, ಬೀದಿಯ ದೀಪ, ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆರಳು ಒತ್ತಲು ಕಾಯುವವರಿಗೆ ಒಂದು ಬೆಂಚು, ಇವು ಯಾರ ಮನೆಯ ಕೆಲಸ? ನಮ್ಮ ಸೀಮೆಯಲ್ಲಿ ಮುಯ್ಯಾಳು ಎಂಬ ಮಾತಿತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತಿಲ್ಲ. ರಾಗಿ ಕುಯ್ಯುವ ಮಿಷನ್ನು ಬಂದ ಮೇಲೆ ಆ ಮಾತು ಸತ್ತಿತು ಅಂದುಕೊಂಡಿದ್ದೇವೆ. ಅದನ್ನು ಬಚ್ಚಲಿಗೆ ಕರೆತರೋಣ. ಹತ್ತು ಮನೆಯವರು ಒಂದು ಗುಂಪು, ಗುಂಪಿಗೊಬ್ಬ ವೆಲ್ಡಿಂಗ್ ಬಲ್ಲ ಹುಡುಗ, ಒಬ್ಬ ಗಾರೆಯವ, ಒಂದು ಡ್ರಿಲ್ ಮಿಷನ್ನು. ಒಂದು ಭಾನುವಾರಕ್ಕೆ ನಾಲ್ಕು ಮನೆ ಮುಗಿದರೂ ಮುಂಗಾರಿಗೆ ಮೊದಲು ಒಂದು ಕೇರಿ ಮುಗಿಯುತ್ತದೆ.

ಕಾಲೇಜುಗಳಿಂದ ಎನ್‌ಎಸ್‌ಎಸ್ ಶಿಬಿರಕ್ಕೆ ಏಳು ದಿನ ಹುಡುಗರು ಬರುತ್ತಾರೆ, ದೇವಸ್ಥಾನದ ಅಂಗಳ ಗುಡಿಸುತ್ತಾರೆ, ಸಸಿ ನೆಡುತ್ತಾರೆ, ಸಂಜೆ ಭಾಷಣ ಕೇಳುತ್ತಾರೆ. ಮುಂದಿನ ಸಲ ಅವರ ಕೈಗೆ ಟೇಪು, ಸುಣ್ಣದ ಬಕೆಟ್ಟು ಕೊಡಿ. ಐಟಿಐಯಲ್ಲಿ ವೆಲ್ಡಿಂಗ್ ಕಲಿಯುವವರು ಅಭ್ಯಾಸಕ್ಕೆಂದು ಕಬ್ಬಿಣ ಕೂಡಿಸಿ ಗುಜರಿಗೆ ಹಾಕುತ್ತಾರಲ್ಲ, ಅದೇ ಅಭ್ಯಾಸ ಹಿಡಿಕೆಯಾಗಲಿ. ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ, ಯಾವುದೂ ಈ ಕೆಲಸಕ್ಕೆ ಹೊರಗಿನದಲ್ಲ. ಇನ್ನು ದಾನಿಗಳು! ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ಹೆಸರು ಬರೆಸುವವರು ನಾವು, ತಿರುಗುವಾಗ ಯಾರೂ ಓದಲಾಗದಿದ್ದರೂ. ದೇವಸ್ಥಾನದ ಮೆಟ್ಟಿಲಿಗೆ ಎರಡೂ ಕಡೆ ಕೈಪಿಡಿ ಹಾಕಿಸಿ, ಅದರ ಮೇಲೆ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಬರೆಸಿ, ಹತ್ತುವ ಪ್ರತಿ ಕೈ ಅದನ್ನು ಸವರುತ್ತದೆ.

ಪಂಚಾಯಿತಿಗೂ ಹೇಳಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮಸಭೆ ನಡೆಯಲೇಬೇಕು. ಮಕ್ಕಳ ಗ್ರಾಮಸಭೆ ಮಾಡುತ್ತೇವೆ, ಹುಡುಗಿಯೊಬ್ಬಳು ಮೈಕು ಹಿಡಿದು "ನಮ್ಮ ಶಾಲೆಗೆ ಕಾಂಪೌಂಡ್ ಇಲ್ಲ" ಎಂದು ಕೇಳುತ್ತಾಳೆ, ಪಿಡಿಒ ಬರೆದುಕೊಳ್ಳುತ್ತಾರೆ. ಹಾಲ್ಕುರಿಕೆಯಲ್ಲಿ, ಸುತ್ತಲಿನ ಪ್ರತಿ ಪಂಚಾಯಿತಿಯಲ್ಲಿ ಅಜ್ಜ ಅಜ್ಜಿಯರದೇ ಒಂದು ಸಭೆ ಆಗಲಿ. ನೆಲಮಟ್ಟದಲ್ಲಿ ಆಗಲಿ, ಮಹಡಿಯ ಮೇಲೆ ಬೇಡ. ಮೈಕು ಅವರ ಕೈಗೆ ಕೊಡಿ, ಎಲ್ಲೆಲ್ಲಿ ಎಡವಿದರು ಎಂದು ಕೇಳಿ. ಒಂದು ಗಂಟೆಯಲ್ಲಿ ಊರಿನ ಕ್ರಿಯಾಯೋಜನೆ ತಯಾರಾಗುತ್ತದೆ, ಇಂಜಿನಿಯರ್ ಬೇಕಾಗುವುದಿಲ್ಲ. ಅಂಗವೈಕಲ್ಯ ಇರುವವರಿಗಾಗಿ ಪಂಚಾಯಿತಿ ತನ್ನ ಹಣದಲ್ಲಿ ಶೇ 5 ತೆಗೆದಿಡಬೇಕೆಂಬ ನಿಯಮವಿದೆ, ಮಂಡಿ ಹೋಗಿ ನಡೆಯಲಾರದ ಹಿರಿಯರು ಎಷ್ಟೋ ಮಂದಿ ಅದರೊಳಗೇ ಬರಬಹುದು. ಪಕ್ಕದ ಕೇರಳ ಹಾಸಿಗೆ ಹಿಡಿದವರ ಆರೈಕೆಯನ್ನು 2008ರ ನೀತಿಯಿಂದ ಪಂಚಾಯಿತಿಯ ಕೆಲಸವನ್ನಾಗಿ ಮಾಡಿತು, ಅಲ್ಲಿ ನರ್ಸು ಮನೆ ಬಾಗಿಲಿಗೆ ಬರುತ್ತಾಳೆ. ಹಾಸಿಗೆ ಹಿಡಿಯುವ ಮೊದಲೇ ತಡೆಯುವ ಕೆಲಸ ಅದಕ್ಕಿಂತ ಅಗ್ಗ. ಕರ್ನಾಟಕದಲ್ಲಿ 2011ರ ಜನಗಣತಿಯ ಹೊತ್ತಿಗೆ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದ್ದರು. 2021ಕ್ಕೆ ಹನ್ನೊಂದೂವರೆ ಎಂದು ಸರ್ಕಾರದ್ದೇ ಅಂದಾಜು. ಹರೆಯದವರೆಲ್ಲ ರೈಲು ಹತ್ತಿ ಹೋದ ನಮ್ಮಂಥ ಹಳ್ಳಿಗಳಲ್ಲಿ ಜಗಲಿ ಎಣಿಸಿ, ಲೆಕ್ಕ ನಿಮಗೇ ಸಿಗುತ್ತದೆ.

ರೈಲು ಹತ್ತಿ ಹೋದವರೇ, ಪೀಣ್ಯದಲ್ಲಿ, ನೆಲಮಂಗಲದಲ್ಲಿ, ಅಮೆರಿಕದಲ್ಲಿ ಇರುವವರೇ, ನಾನೂ ನಿಮ್ಮಲ್ಲೊಬ್ಬ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಭಾನುವಾರ ಬರುತ್ತೇವೆ, ಡಿಕ್ಕಿಗೆ ಕಾಯಿ ತುಂಬಿಕೊಂಡು ಹೋಗುತ್ತೇವೆ. ಈಚೆಗೆ ಇನ್ನೊಂದು ಶುರುವಾಗಿದೆ. ಅಪ್ಪ ಅವ್ವ ಇಬ್ಬರೇ ಇದ್ದಾರೆಂದು ಪಡಸಾಲೆಗೆ ಸಿಸಿಟಿವಿ ಹಾಕಿಸುತ್ತೇವೆ, ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತೇವೆ. ಅವ್ವ ಬೀಳುವುದನ್ನು ನೋಡಲು ಸಾವಿರಾರು ರೂಪಾಯಿ ಖರ್ಚು ಮಾಡಿದೆವು, ಬೀಳದಿರಲು ಒಂದು ಪೈಪು ಹಾಕಿಸಲಿಲ್ಲ. ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳ ಮೇಲೆ 2007ರ ಕಾಯ್ದೆಯಲ್ಲಿ ದೂರು ಕೊಡಬಹುದು. ನಮ್ಮಂಥವರು ಆ ಕಾಯ್ದೆಗೂ ಸಿಗುವುದಿಲ್ಲ. ತಿಂಗಳು ತಿಂಗಳು ದುಡ್ಡು ಕಳಿಸುವ ಒಳ್ಳೆಯ ಮಕ್ಕಳು ನಾವು.

ಹಿರಿಯರಿಗೂ ಒಂದು ಮಾತು, ಕಾಲು ಮುಟ್ಟಿ ಹೇಳುತ್ತೇನೆ. ನೀವು ಬಿದ್ದದ್ದನ್ನು ಮುಚ್ಚಿಡುತ್ತೀರಿ. ಮೊಣಕೈ ತರಚಿದ್ದರೆ ಸೆರಗು ಎಳೆದುಕೊಳ್ಳುತ್ತೀರಿ, "ಕಾಯಿ ಸುಲಿವಾಗ ಆಯ್ತು" ಅನ್ನುತ್ತೀರಿ. ಹೇಳಿದರೆ ತೋಟಕ್ಕೆ ಹೋಗಬೇಡ ಅಂತಾರೆ, ಬೆಂಗಳೂರಿಗೆ ಬಾ ಅಂತಾರೆ ಎನ್ನುವ ಭಯ. ಕೋಲು ಹಿಡಿದರೆ ಮುದುಕ ಅಂತಾರೆ ಎನ್ನುವ ನಾಚಿಕೆ. ನಿಮ್ಮನ್ನು ಮನೆಯೊಳಗೆ ಕೂಡಿಹಾಕಲಿಕ್ಕಲ್ಲ ಈ ಹಿಡಿಕೆ. ತೋಟಕ್ಕೆ ಹೋಗಲಿಕ್ಕೆ, ಜಗಲಿ ಇಳಿಯಲಿಕ್ಕೆ, ಬಸ್ಸು ಹತ್ತಿ ದಸರಿಘಟ್ಟಕ್ಕೆ ಹೋಗಲಿಕ್ಕೆ. ಎರಡು ಸಲ ಕೇಳಿ ಸುಮ್ಮನಾಗಬೇಡಿ. ಹತ್ತು ಸಲ ಕೇಳಿ, ಬಯ್ದು ಕೇಳಿ, ಊಟ ಬಿಟ್ಟು ಕೇಳಿ.

ಇದನ್ನು ಓದುತ್ತಿರುವವರು ಈಗಲೇ ಎದ್ದು, ಮನೆಯ ಬಚ್ಚಲಿಗೆ ಹೋಗಿ ಕಣ್ಣು ಮುಚ್ಚಿ ನಿಂತು ನೋಡಿ. ಕೈಗೆ ಏನು ಸಿಗುತ್ತದೆ? ಏನೂ ಸಿಗದಿದ್ದರೆ ನಾಳೆ ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಮಾಡಿ, ಅವನು ಬರುವಾಗ ಪಕ್ಕದ ಮನೆಯ ಅಜ್ಜಿಯ ಬಚ್ಚಲನ್ನೂ ತೋರಿಸಿ.

ನಮ್ಮ ಬಚ್ಚಲಿಗೂ ಹಿಡಿಕೆ ಬಂತು. ಅವ್ವನ ವರ್ಷದ ತಿಥಿಯ ಹಿಂದಿನ ದಿನ, ವಯಸ್ಸಾದ ನೆಂಟರು ಬರುತ್ತಾರೆಂದು ಹಾಕಿಸಿದೆ. ಮೇಸ್ತ್ರಿಗೆ ಅರ್ಧ ಗಂಟೆ ಹಿಡಿಯಿತು.